ದೊಡ್ಡಪಾಲಯ್ಯನ ಮೈಮೇಲಿನ ಹತ್ತೊಂಬತ್ತು ಗುರುತುಗಳು

ನನಗೆ ಚರ್ಮವೇ ಇಲ್ಲ ಎಂದು ಆ ಫೋನು ಹೇಳಿಬಿಟ್ಟಿತು. ಅದೂ ಮೂವತ್ತು ಜನರ ಎದುರಿಗೆ, ಗಟ್ಟಿಯಾಗಿ, ರೇಡಿಯೋದಲ್ಲಿ ವಾರ್ತೆ ಓದುವ ಹೆಂಗಸಿನ ದನಿಯಲ್ಲಿ.

ಆದದ್ದಿಷ್ಟು. ನನ್ನ ಹೆಂಡತಿ ನಾಗರತ್ನ ಮೊಳಕಾಲ್ಮುರು ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ನಾನು ಚಳ್ಳಕೆರೆಯಲ್ಲಿ ಜೀವವಿಮೆ ಏಜೆಂಟು. ಮನೆ ಮುಂದಿನ ಬೋರ್ಡಿನ ಪ್ರಕಾರ ನನ್ನ ಹೆಸರು ಶಶಿಕಾಂತ್; ರಾಂಪುರ ದಾಟಿದ ಮೇಲೆ ಮಾತ್ರ ನಾನು ‘ನರ್ಸಮ್ಮನ ಗಂಡ’. ವಾರಕ್ಕೆರಡು ದಿನ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಳ್ಳಿ ಸುತ್ತಿಸುತ್ತೇನೆ. ಹೋದಲ್ಲಿ ಯಾರಾದರೂ ಸಾಯುವ ಯೋಚನೆಯಲ್ಲಿದ್ದರೆ ಒಂದು ಪಾಲಿಸಿ ಮಾಡಿಸಬಹುದು ಎಂಬ ಆಸೆ. ಹದಿನೈದು ವರ್ಷದಲ್ಲಿ ಆ ಆಸೆ ಮೂರು ಸಲ ಈಡೇರಿದೆ.

ಹೋದ ವರ್ಷ ಯಾವುದೋ ಒಂದು ಸಂಸ್ಥೆಯವರು ಅವಳ ಕೈಗೆ ಒಂದು ಹೊಸ ಫೋನು ಕೊಟ್ಟರು. ಅದರೊಳಗೆ ಎಐ ಇತ್ತು. ಚರ್ಮದ ಮೇಲಿನ ಕಲೆಯನ್ನೋ ಹುಣ್ಣನ್ನೋ ಫೋಟೋ ಹೊಡೆದರೆ ಅದು ಬಾಯಿಬಿಟ್ಟು ಪ್ರಶ್ನೆ ಕೇಳಿ, ಇಂಥ ರೋಗ ಇರಬಹುದು ಎಂದು ಹೇಳುತ್ತಿತ್ತು. ಫೋಟೋ ಚಿತ್ರದುರ್ಗದ ಚರ್ಮದ ಡಾಕ್ಟರಿಗೆ ಹೋಗಿ, ಅವರು ಹೌದೆಂದರೆ ಹೌದು. ಬೇಗ ವಾಸಿಯಾಗದ ಕಾಯಿಲೆಯಾದರೆ ವಾರ ವಾರ ಫೋಟೋ ಹೊಡೆದು ತೋರಿಸಬೇಕು. ಕಾಯಿಲೆ ಏರಿದೆಯೋ ಇಳಿದಿದೆಯೋ ಎಂದು ನೂರಕ್ಕೆ ಇಷ್ಟು ಅಂತ ಒಂದು ಅಂಕಿ ಹೇಳುತ್ತಿತ್ತು.

ಮೊದಲ ದಿನ ಉಪಕೇಂದ್ರದ ಅಂಗಳದಲ್ಲಿ ಜನ ಸೇರಿದರೂ ಮೈ ತೋರಿಸಲು ಒಬ್ಬರೂ ಮುಂದೆ ಬರಲಿಲ್ಲ. “ರೀ, ನೀವೇ ಬನ್ನಿ, ಕತ್ತಿನ ಮೇಲೆ ಬೆವರುಗುಳ್ಳೆ ಐತಲ್ಲ” ಎಂದಳು ನಾಗರತ್ನ. ಸಾರ್ವಜನಿಕ ಸೇವೆ ಎಂದು ಶರ್ಟು ಬಿಚ್ಚಿದೆ. ಫೋನು ನನ್ನ ಕತ್ತಿನ ಹತ್ತಿರ ಬಂತು. “ಚರ್ಮ ಕಾಣಿಸುತ್ತಿಲ್ಲ. ದಯವಿಟ್ಟು ಚರ್ಮವನ್ನು ತೋರಿಸಿ.” ಬೆನ್ನು ತಿರುಗಿಸಿದೆ. “ಚರ್ಮ ಕಾಣಿಸುತ್ತಿಲ್ಲ.” ಎದೆ ಕೊಟ್ಟೆ. ಅದು ತನ್ನ ಮಾತು ಬದಲಿಸಲಿಲ್ಲ. ಒಬ್ಬ ಮುದುಕಿ ನಕ್ಕೂ ನಕ್ಕೂ ಎಲೆಅಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದಳು.

“ಪೌಡರ್ ಒರೆಸ್ಕೊಂಡು ಬನ್ರಿ!” ಎಂದಳು ಹೆಂಡತಿ. “ಮೈಮೇಲೆ ಏನಾರ ಬಳ್ಕೊಂಡಿದ್ರೆ ಅದಕ್ಕೆ ತಿಳಿಯಲ್ಲ ಅಂತ ಟ್ರೈನಿಂಗಲ್ಲೇ ಹೇಳಿದಾರೆ.”

ಅರ್ಧ ಡಬ್ಬಿ ಪೌಡರು ಹಾಕದೆ ಮನೆ ಬಿಟ್ಟವನಲ್ಲ ನಾನು. ಒರೆಸಿಕೊಳ್ಳಲು ಶರ್ಟನ್ನೇ ಹುಡುಕುತ್ತಿದ್ದಾಗ, ಹಿಂದುಗಡೆ ನಗದೆ ನಿಂತಿದ್ದ ಒಬ್ಬನೇ ಒಬ್ಬ ಮನುಷ್ಯ ಮುಂದೆ ಬಂದ. ಬರಿಗಾಲು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಆಳೆತ್ತರದ ಕೋಲು.

“ನರ್ಸಮ್ಮಾ, ಇವರದ್ದು ಬಿಡು” ಎಂದ. “ನಂದು ತಗೋ. ನಂಗೆ ಐತೆ.”

ದೊಡ್ಡಪಾಲಯ್ಯನನ್ನು ನಾನು ಕಂಡದ್ದು ಹೀಗೆ.

ಸಿದ್ದಾಪುರದ ಆಚೆ, ಬಂಡೆಗುಡ್ಡಗಳ ನಡುವೆ ಅವನ ಹಟ್ಟಿ. ಆ ಹಟ್ಟಿಯವರಿಗೆ ದೇವರ ಎತ್ತುಗಳಿವೆ. ಅವನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ, ಹೊಡೆಯುವುದಿಲ್ಲ. ಅವುಗಳ ಹಿಂದೆ ಬದುಕಿಡೀ ತಿರುಗುವವನಿಗೆ ಕಿಲಾರಿ ಎನ್ನುತ್ತಾರೆ. ಕಿಲಾರಿ ಕಾಲಿಗೆ ಚಪ್ಪಲಿ ಹಾಕುವುದಿಲ್ಲ, ಮನೆಯಲ್ಲಿ ಮಲಗಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಹಟ್ಟಿ ಅವನ ಕೈಗೆ ಒಂದು ಕೋಲು ಕೊಡುತ್ತದೆ. ಕೋಲು ಇರುವವರೆಗೆ ಅವನು ಕಿಲಾರಿ. ದೊಡ್ಡಪಾಲಯ್ಯನ ಕೈಯಲ್ಲಿ ಅದು ಮೂವತ್ತನಾಲ್ಕು ವರ್ಷದಿಂದ ಇತ್ತು. ಈಗ ಹೋಗುವ ಹಾಗಿತ್ತು.

ಕಾರಣ ಎರಡು. ಒಂದು, ಅವನ ಮೊಣಕೈ, ಮೊಣಕಾಲುಗಳ ಮೇಲೆ ಕೆಂಪು ತೇಪೆಗಳೆದ್ದು, ಬಿಳಿ ಹೊಟ್ಟು ಉದುರತೊಡಗಿತ್ತು. ಎರಡು, ದನಗಳಿಗೆ ಬರುವ ಗಂಟುರೋಗ ಆ ಸೀಮೆಗೆ ಮತ್ತೆ ಬಂದು ದೇವರ ಎತ್ತುಗಳಲ್ಲಿ ಮೂರು ಸತ್ತಿದ್ದವು. ಅವುಗಳ ಚರ್ಮದ ಮೇಲೂ ಗುಳ್ಳೆ, ಇವನ ಚರ್ಮದ ಮೇಲೂ ತೇಪೆ. ಎರಡೂ ಒಂದೇ, ಕಿಲಾರಿಯ ರೋಗ ಎತ್ತಿಗೆ ಹತ್ತಿದೆ ಎಂದು ಹಟ್ಟಿಯಲ್ಲಿ ಮಾತು ಎದ್ದಿತ್ತು.

ಅವನು ಕಂಬಳಿ ತೆಗೆದು, ಅಂಗಿ ತೆಗೆದು ಬೆಂಚಿನ ಮೇಲೆ ಕೂತ. ನಗುತ್ತಿದ್ದವರು ಹತ್ತಿರ ಬಂದು ಬಗ್ಗಿ ನೋಡಿದರು. ಆ ಮೈಯಲ್ಲಿ ಗಾಯದ ಕಲೆ ಇಲ್ಲದ ಜಾಗವನ್ನು ಹುಡುಕಬೇಕಿತ್ತು. ಫೋನು ಮೈಯನ್ನೆಲ್ಲ ನೋಡಿ, “ಹತ್ತೊಂಬತ್ತು ಗುರುತುಗಳು ಕಂಡಿವೆ. ಒಂದೊಂದಾಗಿ ಕೇಳುತ್ತೇನೆ” ಎಂದಿತು. ಯಾವುದು ರೋಗ, ಯಾವುದು ಹೊಡೆದಾಟ ಎಂದು ಪಾಪ ಅದಕ್ಕೇನು ಗೊತ್ತು? ಹಣೆಯ ಮೇಲಿಂದ ಹಿಂದಲೆಯವರೆಗೆ ಕೂದಲಿಲ್ಲದ ಒಂದು ಗೆರೆಯಿಂದ ಶುರುಮಾಡಿತು.

“ಇದು ಹೇಗೆ ಶುರುವಾಯಿತು?”

“ಕರಡಿ” ಎಂದ ದೊಡ್ಡಪಾಲಯ್ಯ. “ನುಂಕೆಮಲೆ ಬುಡದಾಗೆ. ಮರಿ ಇತ್ತು ಅದಕ್ಕೆ. ಎಗರಿ ತಲೆಗೆ ಉಗುರು ಹಾಕ್ತು. ತಲೆ ತೊಗಲು ಬಿಚ್ಕೊಂಡು ಕಣ್ಣ ಮೇಲೆ ಬಿತ್ತು, ಏನೂ ಕಾಣವಲ್ದು. ಎಡಗೈ ಅದರ ಬಾಯೊಳಗೆ ತುರುಕಿ, ಬಲಗೈಯಾಗೆ ಕಲ್ಲು ತಗೊಂಡು ಮೂತಿ ಮೇಲೆ ಕುಟ್ಟಿದೆ. ಮೂಗು ಒಡೀತು, ಹೋತು. ತೊಗಲು ಮೇಲಕ್ಕೆ ಎಳ್ಕೊಂಡು ರುಮಾಲು ಕಟ್ಟಿ, ಎತ್ತು ಮನೆ ಮುಟ್ಟಿಸಿ, ಆಮೇಲೆ ಆಸ್ಪತ್ರೆಗೆ ಹೋದೆ.”

“ತುರಿಕೆ ಇದೆಯೇ?”

“ಕರಡಿಗೆ ಇತ್ತೇನೋ. ನಂಗಿಲ್ಲ.”

“ಕುಟುಂಬದಲ್ಲಿ ಇಂಥದೇ ಗುರುತು ಬೇರೆ ಯಾರಿಗಾದರೂ ಇದೆಯೇ?”

ಅವನು ಯೋಚಿಸಿದ. “ನಮ್ಮಪ್ಪಗೂ ಇತ್ತು. ಅದು ಬೇರೆ ಕರಡಿ.”

ನಾನು ಮೆಲ್ಲಗೆ ನನ್ನ ಪಾಲಿಸಿ ಫಾರಂಗಳನ್ನು ಬ್ಯಾಗಿನೊಳಗೆ ತಳ್ಳಿದೆ.

ಎಡ ಹೆಗಲಿನದು ಕುಡುಗೋಲು. ತಳಕಿನ ಓಂಕಾರಮೂರ್ತಿಯ ಕಡಲೆಕಾಯಿ ಹೊಲಕ್ಕೆ ಎತ್ತು ನುಗ್ಗಿದ್ದವು. ಅವನು ಎತ್ತಿಗೆ ಬೀಸಿದ ಕುಡುಗೋಲಿಗೆ ಇವನು ಹೆಗಲು ಕೊಟ್ಟ. ಕೊಟ್ಟು, ಅದು ಮೂಳೆಯಲ್ಲಿ ಸಿಕ್ಕಿಕೊಂಡಿರುವಾಗಲೇ ಓಂಕಾರಮೂರ್ತಿಯ ಮೂರು ಹಲ್ಲು ಕೆಡವಿದ. “ಈಗ ಚೆನ್ನಾಗಿದೀವಿ. ಮಗಳ ಮದುವೆಗೆ ಕರೆದಿದ್ದ. ಪಾಪ, ಲಾಡು ತಿನ್ನಾಕೆ ಒದ್ದಾಡ್ತಿದ್ದ” ಎಂದ. ಬಲ ಮುಂಗೈ ಸೊಟ್ಟಗಾಗಿದ್ದು ಎತ್ತು ಕದಿಯಲು ಟೆಂಪೋ ತಂದಿದ್ದ ಕಳ್ಳರ ಕಬ್ಬಿಣದ ಸಲಾಕೆಯಿಂದ. ನಾಲ್ವರಲ್ಲಿ ಮೂವರು ಓಡಿದರು. ಓಡಲಾರದ ನಾಲ್ಕನೆಯವನನ್ನು ಇವನೇ ಮುರಿದ ಕೈಯಲ್ಲಿ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಹೊತ್ತೊಯ್ದಿದ್ದ. “ಅವನ ಎರಡೂ ಕಾಲು ಮುರಿದಿದ್ವು ನರ್ಸಮ್ಮ. ನಡಿಯಾಕಾಗ್ತಿರಲಿಲ್ಲ” ಎಂದ, ಯಾರು ಮುರಿದರು ಎಂಬುದು ಸಣ್ಣ ವಿಷಯವೆಂಬಂತೆ.

ಹದಿನಾಲ್ಕನೆಯ ಗುರುತು ಬೆನ್ನ ಮೇಲಿನ ಬೆರಳುದ್ದದ ಸುಟ್ಟ ಗಾಯ. ಫೋನು ಕೇಳಿದಾಗ ಮೊದಲ ಸಲ ದೊಡ್ಡಪಾಲಯ್ಯ ತಡವರಿಸಿದ. “ಅದು ಬಿಡು.”

“ಇದು ಹೇಗೆ ಶುರುವಾಯಿತು?” ಫೋನು ಬಿಡಲಿಲ್ಲ.

“ಹೇಳು. ಯಾಕೆ ಅಂತನೂ ಹೇಳು” ಎಂದು ಹಿಂದಿನಿಂದ ಒಂದು ಹೆಣ್ಣುದನಿ ಬಂತು. ಅವನ ಹೆಂಡತಿ ಮೂಗಮ್ಮ. ಎಲೆಅಡಿಕೆ ಸಿಕ್ಕಿ ಕೆಮ್ಮಿದ್ದ ಮುದುಕಿ ಅವಳೇ. ಅವನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: “ನಲವತ್ತು ದಿನ ಕಾಡಾಗಿದ್ದು ಮನೆಗೆ ಬಂದ ನರ್ಸಮ್ಮ. ಹೊಸ್ತಿಲಾಗೆ ನಿಂತು ಏನು ಕೇಳ್ದ ಗೊತ್ತಾ? ಕರ ಹಾಲು ಕುಡೀತಾ ಅಂದ. ನನ್ನ ಕೈಯಾಗೆ ಮುದ್ದೆ ಕೋಲು ಇತ್ತು. ಬಿಸಿ ಇತ್ತು.”

ಉಳಿದ ಐದು ಗುರುತುಗಳಿಗೆ ಕಥೆ ಇರಲಿಲ್ಲ. ಎರಡು ಮೊಣಕೈ, ಎರಡು ಮೊಣಕಾಲು, ಒಂದು ಕಣಕಾಲು. ಯಾರೂ ಹೊಡೆಯದೆ ತಾವಾಗಿ ಬಂದವು. ಅವುಗಳನ್ನು ತೋರಿಸಿದ ತಕ್ಷಣ ಕಂಬಳಿ ಎಳೆದು ಮುಚ್ಚಿಕೊಂಡ. ಕರಡಿಗೆ ಹೆದರದವನು ಹೊಟ್ಟಿಗೆ ಹೆದರಿದ್ದ.

ಫೋನು ಸೋರಿಯಾಸಿಸ್ ಇರಬಹುದು ಎಂದಿತು. ಮಧ್ಯಾಹ್ನದ ಹೊತ್ತಿಗೆ ದುರ್ಗದ ಡಾಕ್ಟರೂ ಹೌದೆಂದರು. ಪೂರ್ತಿ ಹೋಗುವಂಥದ್ದಲ್ಲ, ಹತೋಟಿಯಲ್ಲಿಡಬಹುದು. ಮುಲಾಮು ಹಚ್ಚಬೇಕು, ವಾರ ವಾರ ಫೋಟೋ ಹೊಡೆಯಬೇಕು. ಈಗಿನ ಅಂಕಿ ಮೂವತ್ತೊಂದು.

“ಎತ್ತಿಗೆ ಹತ್ತುತ್ತಾ?” ದೊಡ್ಡಪಾಲಯ್ಯ ಕೇಳಿದ್ದು ಅದೊಂದೇ.

“ಎತ್ತಿಗೂ ಹತ್ತಲ್ಲ, ಮನುಷ್ಯರಿಗೂ ಹತ್ತಲ್ಲ. ಎತ್ತಿನ ಗಂಟುರೋಗ ನೊಣ, ಸೊಳ್ಳೆ, ಉಣ್ಣೆಯಿಂದ ಬರೋದು” ಎಂದಳು ನಾಗರತ್ನ.

ಈ ಮಾತನ್ನು ಹಟ್ಟಿ ನಂಬಲಿಲ್ಲ, ತಳ್ಳಿಯೂ ಹಾಕಲಿಲ್ಲ. ಅಂಕಿ ಇಳಿಯುತ್ತಾ ಹೋದರೆ ಕೋಲು ಇರಲಿ, ಏರುತ್ತಾ ಹೋದರೆ ಕೊಟ್ಟುಬಿಡಲಿ ಎಂದು ಹಟ್ಟಿಯ ಗೌಡ ತೀರ್ಪು ಹೇಳಿದ. ಹೀಗೆ ಒಬ್ಬ ಮನುಷ್ಯನ ಮೂವತ್ತನಾಲ್ಕು ವರ್ಷ ಒಂದು ಫೋನಿನ ಬಾಯಿಗೆ ಹೋಯಿತು. ಫೋನು ಹಿಡಿಯುವ ಕೈ ನನ್ನದಾಯಿತು.

ಅದು ಹೇಗೆಂದರೆ, ನಾಗರತ್ನ ಆ ಹಟ್ಟಿಗೆ ಹೋಗುವುದು ಸೋಮವಾರ. ಸೋಮವಾರ ಎತ್ತುಗಳಿಗೆ ಪೂಜೆ, ಸಂಜೆಯವರೆಗೆ ಕಿಲಾರಿ ರೊಪ್ಪ ಬಿಟ್ಟು ಹೊರಗೆ ಬರುವಂತಿಲ್ಲ. ರೊಪ್ಪವೆಂದರೆ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿ ಎತ್ತು ಕೂಡುವ ಜಾಗ. ಅದರೊಳಗೆ ಹೆಂಗಸರು ಕಾಲಿಡುವ ಹಾಗಿಲ್ಲ, ಗಂಡಸರು ಚಪ್ಪಲಿ ಹಾಕುವ ಹಾಗಿಲ್ಲ. ಹಾಗಾಗಿ ನಾಗರತ್ನ ಬೇಲಿಯಾಚೆ ನಿಂತು ಕೂಗುವುದು, ನಾನು ಬರಿಗಾಲಲ್ಲಿ ಮುಳ್ಳು ತುಳಿಯುತ್ತಾ ಒಳಗೆ ಹೋಗಿ ಫೋಟೋ ಹೊಡೆಯುವುದು.

“ಒದ್ದೆ ಬಟ್ಟೇಲಿ ಒರೆಸಿ ಆಮೇಲೆ ಹೊಡೀರಿ!” ಎಂದು ಪ್ರತಿ ವಾರವೂ ಕೂಗುತ್ತಿದ್ದಳು. “ಆಯ್ತು!” ಎಂದು ನಾನೂ ಪ್ರತಿ ವಾರ ಕೂಗುತ್ತಿದ್ದೆ.

ಒರೆಸಲಿಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸೋಮವಾರ ದೊಡ್ಡಪಾಲಯ್ಯ ಎತ್ತಿನ ಬೆರಣಿ ಸುಟ್ಟ ಬೂದಿಯನ್ನು ಮೈಗೆ ಹಚ್ಚಿಕೊಳ್ಳುತ್ತಿದ್ದ. ಹಣೆಗೆ, ತೋಳಿಗೆ, ಮೊಣಕೈಗೆ, ಮೊಣಕಾಲಿಗೆ. ಈಬತ್ತಿ ಎನ್ನುತ್ತಿದ್ದ. ಅದನ್ನು ಹಚ್ಚದೆ ಅವತ್ತು ಎತ್ತು ಮುಟ್ಟುವುದಿಲ್ಲ. ದೇವರ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ ಅಂತ, ಕರಡಿಯ ಮೂಗು ಒಡೆದವನಿಗೆ ನಾನು ಹೇಳಬೇಕೆ? ನನಗಿರುವುದೂ ಒಂದೇ ಮೂಗು. ಜೊತೆಗೆ, ಎರಡು ಸಾವಿರ ರೋಗ ಗುರುತಿಸುವ ಯಂತ್ರಕ್ಕೆ ಬೂದಿ ಯಾವುದು ಎಂದು ಗೊತ್ತಿರದೆ ಇರುತ್ತದೆಯೇ ಎಂದುಕೊಂಡೆ. ನನ್ನ ಪೌಡರಿನ ಮುಂದೆ ಅದು ಸೋತು ಕೂತದ್ದನ್ನು ಇಡೀ ಊರೇ ನೋಡಿತ್ತು. ನೆನಪಿಟ್ಟುಕೊಳ್ಳಬೇಕಾದ ಒಬ್ಬನೇ ಮನುಷ್ಯ ಮರೆತಿದ್ದ.

ನನ್ನ ಕತ್ತಿನ ಮೇಲೆ ಪೌಡರು ಗೋಡೆಗೆ ಸುಣ್ಣ ಬಳಿದ ಹಾಗೆ ಕೂತಿತ್ತು. ಇವನ ಬೂದಿ ತೆಳುವಾಗಿ, ತೇಪೆಗಳ ಮೇಲೆ ಥೇಟು ಹೊಟ್ಟಿನ ಹಾಗೆಯೇ ಕೂರುತ್ತಿತ್ತು. ಫೋನು ಮೊದಲ ಸೋಮವಾರ ಮೂವತ್ತೆಂಟು ಎಂದಿತು. ಎರಡನೆಯದಕ್ಕೆ ನಲವತ್ತೈದು.

“ಮುಲಾಮು ಹಚ್ತಿಲ್ಲ ನೀನು!” ಬೇಲಿಯಾಚೆಯಿಂದ ನಾಗರತ್ನ ಬೈದಳು.

“ದಿನಾ ಎಲ್ಡು ಸಲ ಹಚ್ತಿದೀನಿ. ಹೊಟ್ಟು ಕಮ್ಮಿ ಆಗೈತೆ ಅನ್ನಿಸ್ತೈತೆ” ಎಂದ ಅವನು.

“ನಿನಗೆ ಅನ್ನಿಸಿದ್ರೆ ಆಯ್ತಾ? ಫೋನು ಹೇಳ್ಬೇಕು.”

ಅವನು ತನ್ನ ಮೊಣಕೈಯನ್ನು ನೋಡಿಕೊಂಡ. ತನ್ನ ಕಣ್ಣಿಗಿಂತ ಫೋನಿನ ಮೇಲೆ ಅವನಿಗೂ ನಂಬಿಕೆ ಬಂದುಬಿಟ್ಟಿತ್ತು.

ತಿಂಗಳು ತುಂಬುವವರೆಗೆ ಅಂಕಿ ಯಾರಿಗೂ ಹೇಳಬೇಡಿ ಎಂದು ಹೆಂಡತಿ ಹೇಳಿದ್ದಳು. ಆದರೆ ಶನಿವಾರ ರಾಂಪುರದ ಚಹದ ಅಂಗಡಿಯಲ್ಲಿ ಮಾರುತೇಶ್ ಸಿಕ್ಕ. ದೊಡ್ಡಪಾಲಯ್ಯನ ತಮ್ಮನ ಮಗ, ಅಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ತಂದೆ ಇಲ್ಲದ ಅವನನ್ನು ಎತ್ತಿಕೊಂಡು ಬೆಳೆಸಿ, ಕೋಲು ಬೀಸುವುದನ್ನು ಕಲಿಸಿದ್ದು ದೊಡ್ಡಪಾಲಯ್ಯನೇ. “ಎಷ್ಟು ಸಾರ್ ಈ ವಾರ?” ಎಂದ. ನನ್ನನ್ನು ಸಾರ್ ಎಂದು ಕರೆಯುವವರು ಆ ಸೀಮೆಯಲ್ಲಿ ಅವನೊಬ್ಬನೇ. ಹೇಳಿಬಿಟ್ಟೆ.

ಅವನ ಮುಖ ಇಳಿಯಿತು. “ದೊಡ್ಡಪ್ಪನ ಮ್ಯಾಲೆ ನಂಗೇನು ಸಿಟ್ಟಿಲ್ಲ ಸಾರ್. ಎತ್ತು ಉಳೀಬೇಕು. ಮೂರು ಹೋದ್ವು.” ಅವನ ಕಣ್ಣಲ್ಲಿ ನೀರಿತ್ತು. ನಾನು ಚಹಕ್ಕೆ ಇನ್ನೊಂದು ಬನ್ನು ಹೇಳಿದೆ.

ಮರುದಿನವೇ ನೀರಿಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದ ದೊಡ್ಡಪಾಲಯ್ಯನ ಮೇಲೆ ಬಂಡೆಯ ಮರೆಯಿಂದ ಕಲ್ಲು ಬಿದ್ದವು. ಒಂದು ಕಿವಿ ಹರಿಯಿತು. ಅವನು ಓಡಲಿಲ್ಲ, ಬಂಡೆ ಹತ್ತಿದ. ಅಲ್ಲಿದ್ದ ಹಟ್ಟಿಯ ಇಬ್ಬರು ಹುಡುಗರನ್ನು ಕೂದಲು ಹಿಡಿದು, ತಲೆಗೆ ತಲೆ ಗುದ್ದಿಸಿದ. ಒಬ್ಬನಿಗೆ ವಾಂತಿ, ಇನ್ನೊಬ್ಬನಿಗೆ ತನ್ನ ಹೆಸರು ನೆನಪಾಗಲು ಸಂಜೆಯಾಯಿತು. ಮೂರನೇ ಸೋಮವಾರ ಅವನ ಕಿವಿಗೆ ನಾಗರತ್ನ ಬೇಲಿಯ ಸಂದಿನಲ್ಲಿ ಕೈ ತೂರಿಸಿ ಹೊಲಿಗೆ ಹಾಕಿದಳು. ಆ ವಾರದ ಅಂಕಿ ನಲವತ್ತೊಂಬತ್ತು.

ನಾಲ್ಕನೇ ಸೋಮವಾರ ನಾವು ಹೋಗುವ ಹೊತ್ತಿಗೆ ಮುಂದಾಳು ಎತ್ತು ಸತ್ತಿತ್ತು. ಬೂದೆತ್ತು ಎಂದು ಅದರ ಹೆಸರು. ಉಳಿದ ಎತ್ತುಗಳೆಲ್ಲ ಅದರ ಹಿಂದೆಯೇ ನಡೆಯುತ್ತಿದ್ದವು. ರೊಪ್ಪದ ಬಾಯಿಯ ಬಳಿ ಮಲಗಿದ್ದ ಅದರ ಮೈತುಂಬ ನಿಂಬೆಕಾಯಿ ಗಾತ್ರದ ಗಂಟುಗಳು. ದೊಡ್ಡಪಾಲಯ್ಯ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವತ್ತು ಅವನು ಮೈಯೆಲ್ಲ ಬೂದಿ ಬಳಿದುಕೊಂಡಿದ್ದ. ಬೇಲಿಯಾಚೆ ಮಾರುತೇಶ್, ಅವನ ಜೊತೆ ಏಳು ಜನ, ಎಲ್ಲರ ಕೈಯಲ್ಲೂ ಕೋಲು.

ಬುದ್ಧಿ ಇರುವವನಾದರೆ ಅವತ್ತು ಫೋಟೋ ಬೇಡ ಎನ್ನುತ್ತಿದ್ದ. ನಾನು ಹೊಡೆದೆ.

“ಐವತ್ತೆರಡು. ಹಿಂದಿನ ವಾರಕ್ಕಿಂತ ಹೆಚ್ಚಾಗಿದೆ” ಎಂದು ಫೋನು ವಾರ್ತೆ ಓದಿತು. ಎಲ್ಲರಿಗೂ ಕೇಳಿಸಿತು.

“ದೊಡ್ಡಪ್ಪ, ಕೋಲು ಕೊಡು” ಎಂದ ಮಾರುತೇಶ್.

“ಯಾಕಲೇ?”

“ನಿನ್ನ ಮೈಯಾಗೆ ಏರ್ತೈತೆ, ಇಲ್ಲಿ ಎತ್ತು ಸಾಯ್ತವೆ. ಕೈ ಮುಗೀತೀನಿ, ಕೊಡು.”

ದೊಡ್ಡಪಾಲಯ್ಯ ಎತ್ತಿನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಎದ್ದು ನಿಂತ. “ಚಪ್ಪಲಿ ಬಿಟ್ಟು ಬಾ. ಬಂದು ಕಿತ್ಕೋ.”

ಆಮೇಲೆ ನಡೆದದ್ದೆಲ್ಲ ಮರೆತರೂ ಇದೊಂದು ಮರೆಯುವುದಿಲ್ಲ. ಎಂಟೂ ಜನ ಬೇಲಿಯ ಹೊರಗೆ ಸಾಲಾಗಿ, ನೀಟಾಗಿ ಚಪ್ಪಲಿ ಬಿಟ್ಟರು. ಒಬ್ಬ ಕಾಲಿಗೆ ಅಂಟಿದ್ದ ಮಣ್ಣನ್ನೂ ಒರೆಸಿಕೊಂಡ. ಆಮೇಲೆ ಒಳಗೆ ಬಂದು ಹೊಡೆಯತೊಡಗಿದರು.

ಮೊದಲನೆಯವನ ಮೊಣಕಾಲಿನ ಚಿಪ್ಪು ಹೋಯಿತು. ಎರಡನೆಯವನ ಹೆಗಲ ಮೂಳೆ ಮುರಿದದ್ದು ಒಣ ಕಬ್ಬು ಮುರಿದ ಹಾಗೆ ಕೇಳಿಸಿತು. ಮೂರನೆಯವನು ಹಿಂದಿನಿಂದ ಬಂದು ದೊಡ್ಡಪಾಲಯ್ಯನ ಬೆನ್ನಿಗೆ ಎರಡು ಕೊಟ್ಟ. ಇವನು ತಿರುಗದೆಯೇ ಕೋಲಿನ ಹಿಂಬದಿಯನ್ನು ಅವನ ಹೊಟ್ಟೆಗೆ ತಿವಿದ. ಎತ್ತುಗಳು ಬೆದರಿ ಬೇಲಿಗೆ ಹಾಯತೊಡಗಿದವು. ನಾನು ರಕ್ಷಣೆಗೆಂದು ಒಂದು ಎತ್ತಿನ ಮರೆಗೆ ಸೇರಿದೆ. ಅದು ನನ್ನನ್ನು ಒಪ್ಪದೆ ತೊಡೆಗೆ ಝಾಡಿಸಿ ಒದೆಯಿತು. ನಾನೂ ಫೋನೂ ಸಗಣಿಗೆ ಬಿದ್ದೆವು.

“ರೀ! ಫೋನು! ಫೋನು ಜೋಪಾನ!” ಎಂದು ಹೊರಗಿನಿಂದ ನನ್ನ ಧರ್ಮಪತ್ನಿ ಕೂಗಿದಳು.

ಸಗಣಿಯಲ್ಲಿ ಮಲಗಿಯೇ ಉಳಿದದ್ದನ್ನು ನೋಡಿದೆ. ಮೂವರು ಒಟ್ಟಿಗೆ ಬಿದ್ದು ದೊಡ್ಡಪಾಲಯ್ಯನನ್ನು ಮಂಡಿಯೂರಿಸಿದರು. ಒಬ್ಬ ಕೋಲು ಹಿಡಿದ ಬೆರಳುಗಳ ಮೇಲೆ ಹಿಮ್ಮಡಿಯಿಂದ ತುಳಿದ; ಎರಡು ಬೆರಳು ಮುರಿದವು, ಕೋಲು ಬಿಡಲಿಲ್ಲ. ದೊಡ್ಡಪಾಲಯ್ಯ ಬಾಯಿಗೆ ಸಿಕ್ಕ ಕಾಲನ್ನು ಕಚ್ಚಿದ, ಬಾಯಿತುಂಬ ರಕ್ತದೊಂದಿಗೆ ಎದ್ದ. ಎದುರಿಗೆ ಮಾರುತೇಶ್ ಇದ್ದ. ಇಬ್ಬರೂ ಒಂದೇ ಸಲ ಬೀಸಿದರು. ಒಬ್ಬ ಕಲಿಸಿದ ಏಟು, ಇನ್ನೊಬ್ಬ ಕಲಿತ ಏಟು. ಎರಡೂ ಎಡ ಹುಬ್ಬಿನ ಮೇಲೆ, ಮೂರು ಬೆರಳಿನಷ್ಟು ಉದ್ದ ಸೀಳಿದವು. ಮಾರುತೇಶ್ ಬಿದ್ದ. ದೊಡ್ಡಪಾಲಯ್ಯ ಬೀಳಲಿಲ್ಲ. ಅವನ ಎದೆಯ ಮೇಲೆ ಮಂಡಿ ಊರಿ, ಕೋಲನ್ನು ಗಂಟಲಿಗೆ ಅಡ್ಡ ಇಟ್ಟು ಒತ್ತಿದ. ಹುಡುಗನ ಕಣ್ಣು ಮೇಲಕ್ಕೆ ಹೋದವು, ಕಾಲು ನೆಲವನ್ನು ಕೆರೆಯತೊಡಗಿದವು. ಹತ್ತಿರ ಹೋಗಿ ಬಿಡಿಸುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ಇದ್ದವನು ಎಂದರೆ ನಾನು.

ಬೇಲಿಯಾಚೆಯಿಂದ ಒಂದು ಕಲ್ಲು ಹಾರಿಬಂದು ದೊಡ್ಡಪಾಲಯ್ಯನ ಬೆನ್ನಿಗೆ, ಸರಿಯಾಗಿ ಹದಿನಾಲ್ಕನೆಯ ಗುರುತಿನ ಮೇಲೆ ಬಡಿಯಿತು.

“ಬಿಡೋ!” ಎಂದಳು ಮೂಗಮ್ಮ. “ನೀನೇ ಎತ್ಕೊಂಡು ಬೆಳೆಸಿದ್ದು ಅದು!”

ಎಂಟು ಜನರ ಕೋಲಿಗೆ ಬಗ್ಗದವನು ಆ ಒಂದು ಕಲ್ಲಿಗೆ ಕೈ ಸಡಿಲಿಸಿದ. ಮಾರುತೇಶನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ರೊಪ್ಪದ ಹೊರಗೆ ತಾನೇ ಎಳೆದು ತಂದ. ಸೋಮವಾರ ಸಂಜೆಗೆ ಮುಂಚೆ ಅವನು ರೊಪ್ಪ ಬಿಟ್ಟದ್ದು ಅದೇ ಮೊದಲು.

ನಾಗರತ್ನ ಇಬ್ಬರನ್ನೂ ಎತ್ತಿನ ನೀರಿನ ಬಾನಿಯ ಪಕ್ಕ ಕೂರಿಸಿದಳು. ಗಾಯ ಎಲ್ಲೆಲ್ಲಿದೆ ಎಂದು ಕಾಣದಷ್ಟು ರಕ್ತ. ಒಂದು ಕೊಡ ನೀರು ಎತ್ತಿ ದೊಡ್ಡಪಾಲಯ್ಯನ ತಲೆಯ ಮೇಲೆ ಸುರಿದಳು. ಇನ್ನೊಂದು ಸುರಿದಳು. ರಕ್ತದ ಜೊತೆ ಬೂದಿಯೂ ಇಳಿದು ಹೋಯಿತು. ಮೊಣಕೈ ಒರೆಸುತ್ತಿದ್ದವಳು ಹಾಗೇ ನಿಂತಳು. ಅಲ್ಲಿ ಹೊಟ್ಟಿರಲಿಲ್ಲ. ತೆಳ್ಳಗೆ, ನಸುಗೆಂಪಾಗಿ, ಒಣಗುತ್ತಾ ಬಂದ ಒಂದು ತೇಪೆ ಇತ್ತು.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ಏನ್ರೀ ಇದು ಬಿಳೀದು, ನೀರಾಗೆ ಹೋಗಿದ್ದು?”

“ಈಬತ್ತಿ” ಎಂದೆ.

“ಪ್ರತಿ ವಾರ?”

“ಪ್ರತಿ ವಾರ.”

“ಒರೆಸ್ದೆ ಅಂತ ಕೂಗ್ತಿದ್ರಲ್ಲ?”

“ಕೂಗ್ತಿದ್ದೆ.”

ಆ ದಿನದ ಹೊಡೆದಾಟದಲ್ಲಿ ನನಗೆ ಬಿದ್ದದ್ದು ಎರಡು: ಒಂದು ಎತ್ತಿನದು, ಇನ್ನೊಂದು ಒದ್ದೆ ಟವೆಲಿನದು. ಎರಡನೆಯದೇ ಹೆಚ್ಚು ಉರಿಯಿತು.

ಗೌಡ ಬಂದ. ಎಂಬತ್ತು ವರ್ಷದವನು, ಇಬ್ಬರ ಹೆಗಲು ಹಿಡಿದು ಬಂದು ಬಾನಿಯ ಕಟ್ಟೆ ಮೇಲೆ ಕೂತ. ನಾಗರತ್ನ ಫೋನಿನ ಸಗಣಿ ತೊಳೆದು, ಎಲ್ಲರ ಎದುರಿಗೆ ಒದ್ದೆ ಮೊಣಕೈ, ಮೊಣಕಾಲುಗಳನ್ನು ಒರೆಸಿ ಒಣಗಿಸಿ ಫೋಟೋ ಹೊಡೆದಳು.

“ಹದಿನಾಲ್ಕು” ಎಂದಿತು ಫೋನು.

“ಈಗ ಐವತ್ತೆರಡು ಅಂತಿತ್ತಲ್ಲಮ್ಮ” ಎಂದ ಗೌಡ. ಅವನಿಗೆ ಅಂಕಿಗಳ ಮೇಲೆ ನಂಬಿಕೆ ಹೋಗಿತ್ತು. “ಎತ್ತಿನ ತೊಗಲು ತೋರಿಸು ಅದಕ್ಕೆ. ಎಲ್ಡೂ ಒಂದೇ ರೋಗ ಆದ್ರೆ ಹೇಳ್ಲಿ” ಎಂದ.

ನಾನು ಮತ್ತೆ ಕುಂಟುತ್ತಾ ಒಳಗೆ ಹೋಗಿ ಬೂದೆತ್ತಿನ ಗಂಟುಗಳ ಮುಂದೆ ಫೋನು ಹಿಡಿದೆ. ಹಟ್ಟಿಯೆಲ್ಲ ಬೇಲಿಗೆ ಕಿವಿಗೊಟ್ಟಿತು.

“ಚರ್ಮ ಕಾಣಿಸುತ್ತಿಲ್ಲ. ದಯವಿಟ್ಟು ಚರ್ಮವನ್ನು ತೋರಿಸಿ.”

ಗೌಡ ತಲೆಯಾಡಿಸಿದ. “ಅಲ್ಲಿಗೆ ತೀರ್ತು. ಇವನಿಗೆ ಇರೋದು ಅದಕ್ಕೆ ಇಲ್ಲ. ಕೋಲು ದೊಡ್ಡಪಾಲಯ್ಯನ ಕೈಯಾಗೇ ಇರ್ಲಿ. ದನದ ಡಾಕ್ಟರನ್ನ ಕರೆಸಿ ಎತ್ತಿಗೆಲ್ಲ ಸೂಜಿ ಹಾಕ್ಸಿ, ರೊಪ್ಪಕ್ಕೆ ಹೊಗೆ ಹಾಕಿ.” ವಿಜ್ಞಾನ ಹೇಳಿದಾಗ ಒಪ್ಪದ್ದನ್ನು ಹಟ್ಟಿ ಈಗ ಒಪ್ಪಿತು. ‘ಚರ್ಮ ಕಾಣಿಸುತ್ತಿಲ್ಲ’ ಎಂದು ಫೋನು ಒಂದು ತಿಂಗಳ ಹಿಂದೆ ನನಗೂ ಹೇಳಿತ್ತೆಂದು ನಾನು ಬಾಯಿ ಬಿಡಲಿಲ್ಲ. ಮೂಗಮ್ಮ ಮಾತ್ರ ನನ್ನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮಾರುತೇಶ್ ಬಾನಿಗೆ ಒರಗಿ ಕೂತಿದ್ದ. ಹುಬ್ಬಿನ ಮೇಲಿನ ಸೀಳಿನಿಂದ ಇನ್ನೂ ಇಳಿಯುತ್ತಿತ್ತು, ಕತ್ತಿನ ಸುತ್ತ ಕೋಲಿನ ಗೆರೆ ನೀಲಿಯಾಗುತ್ತಿತ್ತು. ದನಿ ಹೊರಡದೆ, “ದೊಡ್ಡಪ್ಪ” ಎಂದ.

“ನೀರು ಕುಡಿ” ಎಂದ ದೊಡ್ಡಪಾಲಯ್ಯ.

ಹುಡುಗ ಕುಡಿದ. ದೊಡ್ಡಪಾಲಯ್ಯ ಮುರಿದ ಬೆರಳುಗಳ ಕೈಯಲ್ಲೇ ಚೊಂಬು ಹಿಡಿದಿದ್ದ. ಉಳಿದವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡರು. ಮೊಣಕಾಲು ಹೋದವನ ಚಪ್ಪಲಿಯನ್ನು ಹೆಗಲು ಮುರಿದವನು ಎತ್ತಿಕೊಟ್ಟ.

ಫೋನು ತನ್ನ ಕೆಲಸ ಮುಗಿಸಿರಲಿಲ್ಲ. ದೊಡ್ಡಪಾಲಯ್ಯನ ಮುಖದ ಫೋಟೋ ಕೇಳಿತು. ನಾಗರತ್ನ ಹಿಡಿದಳು. “ಹೊಸ ಗುರುತು ಕಂಡಿದೆ” ಎಂದಿತು, ಅವನ ಹುಬ್ಬಿನ ಮೇಲಿನ ಗಾಯ ನೋಡಿ. “ಕುಟುಂಬದಲ್ಲಿ ಇಂಥದೇ ಗುರುತು ಬೇರೆ ಯಾರಿಗಾದರೂ ಇದೆಯೇ?”

ದೊಡ್ಡಪಾಲಯ್ಯ ಬಾಯಲ್ಲಿ ಸಡಿಲವಾಗಿದ್ದ ಹಲ್ಲೊಂದನ್ನು ಪಕ್ಕಕ್ಕೆ ಉಗುಳಿ, ಮಾರುತೇಶನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ ನೋಡಿದ.

“ಐತವ್ವ” ಎಂದ. “ತಮ್ಮನ ಮಗನಿಗೆ ಇವತ್ತೇ ಬಂದೈತೆ.”